ನಲವತ್ತು ನಿಮಿಷದ ಸಮುದ್ರ

ನನ್ನ ಅಕ್ಕನ ಮಗ ವಾದಿರಾಜನಿಗೆ ಮೂವತ್ತನಾಲ್ಕು ವರ್ಷ. ಸಣ್ಣದೊಂದು ಬೊಜ್ಜಿದೆ, ಆಡಿಟರ್ ಆಫೀಸಿನಲ್ಲಿ ಗೌರವದ ಕೆಲಸವಿದೆ. ಇಂಥವನು ವಿರಹದಲ್ಲಿ ಬೇಯುವುದನ್ನು ನಾನು ಐದು ವರ್ಷ ಕಣ್ಣಾರೆ ಕಂಡೆ. ವಿರಹ ಯಾವ ಹೆಣ್ಣಿನದೂ ಅಲ್ಲ, ಒಂದು ವಿಡಿಯೋ ಗೇಮಿನದು.

ಹಳೆಯ ಅಲಂಕಾರಶಾಸ್ತ್ರದವರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿಟ್ಟಿದ್ದಾರೆ. ಇದರಿಂದ ಲೋಕಕ್ಕೇನು ಉಪಕಾರವೆಂದು ಓದುವ ಕಾಲದಲ್ಲಿ ಮೂಗು ಮುರಿದಿದ್ದೆ. ಈಗ ಕೈ ಮುಗಿಯುತ್ತೇನೆ. ಆಟದ ಮೊದಲ ಟ್ರೈಲರ್ ಬಂದ ದಿನ ವಾದಿರಾಜ ವಾಸಕಸಜ್ಜಿಕೆಯಾದ, ಎಂದರೆ ಇನಿಯನಿಗಾಗಿ ಮನೆ ಸಿಂಗರಿಸಿ ಕಾಯುವವಳು. ಹೊಸ ಟೀವಿ, ಬೆನ್ನು ನೋಯದ ಕುರ್ಚಿ, ಕುಂಬಳಕಾಯಿ ಗಾತ್ರದ ಹೆಡ್‌ಫೋನು ಒಂದೊಂದಾಗಿ ಚೆನ್ನೈನ ತಾಂಬರಂ ಮನೆಗೆ ಬಂದವು. ಕಂಪನಿಯವರು ಬಿಡುಗಡೆಯನ್ನು ಮುಂದೂಡಿದರು, ವಿರಹೋತ್ಕಂಠಿತೆಯಾದ. ಮತ್ತೆ ಮುಂದೂಡಿದರು, ಅನ್ನ ಸೇರದಾಯಿತು.

ಅವನೊಬ್ಬನೇ ಆಗಿದ್ದರೆ ಡಾಕ್ಟರಿಗೆ ತೋರಿಸಬಹುದಿತ್ತು. ಅವನಂಥ ಅಸಂಖ್ಯ ವಿರಹಿಗಳು ಇಂಟರ್‌ನೆಟ್ಟಿನಲ್ಲಿ ಗುಂಪುಗೂಡಿದ್ದರು. ಎರಡು ನಿಮಿಷದ ಟ್ರೈಲರಿನ ಮೂಲೆಯಲ್ಲಿ ಒಂದು ಮುಚ್ಚಿದ ಬಾಗಿಲು ಕಂಡರೆ, ಅದರ ಹಿಂದೆ ಏನಿರಬಹುದು ಎಂಬುದರ ಮೇಲೆ ಮೂರು ಗಂಟೆಯ ಭಾಷ್ಯ, ಆ ಭಾಷ್ಯಕ್ಕೆ ಟೀಕೆ, ಟೀಕೆಗೆ ಖಂಡನೆ. ನಮ್ಮ ಆಚಾರ್ಯರುಗಳು ಬ್ರಹ್ಮದ ವಿಷಯದಲ್ಲೂ ಇಷ್ಟು ಖಚಿತವಾಗಿ ಮಾತಾಡಿರಲಾರರು. ಕಂಪನಿಯವರೇನು ಸಾಧುಗಳೇ? ಇಂಥದ್ದನ್ನು ಜಗತ್ತು ಕಂಡಿಲ್ಲವೆಂದು ಊದಿ ಊದಿ ಉಬ್ಬಿಸಿದವರು ಅವರೇ. ಒಟ್ಟಿನಲ್ಲಿ ಆಟ ಬರುವ ಹೊತ್ತಿಗೆ ಈ ಭಕ್ತರು ತಮ್ಮ ತಲೆಯೊಳಗೇ ಅದನ್ನು ಕಟ್ಟಿ ಮುಗಿಸಿ, ಆಡಿ, ಆನಂದಬಾಷ್ಪ ಸುರಿಸಿ ಆಗಿತ್ತು. ಬರಬೇಕಾದ ಆಟಕ್ಕೆ ಉಳಿದಿದ್ದ ಕೆಲಸ, ಬಂದು ಬೈಸಿಕೊಳ್ಳುವುದು.

ಒಂದು ಶನಿವಾರ ಬೆಳಿಗ್ಗೆ ಅದು ಬಂತು. ನಾನೂ ಪಕ್ಕದಲ್ಲಿ ಕೂತು ನೋಡಿದೆ. ನಾಯಕ ದೋಣಿಯಿಂದ ಇಳಿದ. ಒಂದು ಕಾರ್ಖಾನೆಯ ಊರು, ಬೂದುಬಣ್ಣದ ಸಮುದ್ರ. ನಾನು ತೂಕಡಿಸಿ ಎದ್ದಾಗಲೂ ಅದೇ ಸಮುದ್ರವಿತ್ತು. ನಲವತ್ತು ನಿಮಿಷಕ್ಕೆ ವಾದಿರಾಜ ಕೈಯಲ್ಲಿದ್ದ ಸಾಧನವನ್ನು ಸೋಫಾದ ಮೇಲೆ ಎಸೆದ.

"ಪಡು ಮೊಕ್ಕೆ, ಮಾಮಾ."

ಮೊಕ್ಕೆ ಎಂದರೆ ನಮ್ಮ ಚೆನ್ನೈ ತಮಿಳಿನಲ್ಲಿ ಸಪ್ಪೆಗಿಂತ ಸಪ್ಪೆ.

"ಒಟ್ಟು ಎಷ್ಟು ಹೊತ್ತಿನ ಆಟವೋ?"

"ಅರವತ್ತು ಗಂಟೆ."

"ನೀನು ನೋಡಿದ್ದು?"

"ಸಾಕು ಮಾಮಾ, ಗೊತ್ತಾಗೋಯ್ತು."

ಈಗ ಅವನು ಖಂಡಿತೆ, ವಂಚಿತಳಾಗಿ ಕಿಡಿ ಕಾರುವವಳು. ಹೆಸರು, ಫೋಟೋ ಸಹಿತ ಇಂಟರ್‌ನೆಟ್ಟಿನಲ್ಲಿ ಒಂದು ನಕ್ಷತ್ರ ಕೊಟ್ಟು ಬರೆದ: 'ಈ ಸಮುದ್ರವನ್ನು ಚಿತ್ರಿಸಿದವರು ಜೀವಮಾನದಲ್ಲಿ ಸಮುದ್ರ ನೋಡಿದವರಲ್ಲ.' ಬರೆದವನು ತಾಂಬರಂನವನು, ಸಮುದ್ರ ನೋಡುವುದು ವರ್ಷಕ್ಕೊಮ್ಮೆ, ಅದೂ ನೆಂಟರು ಬಂದರೆ.

ನಗಲು ನನಗೂ ಅಧಿಕಾರವಿಲ್ಲ. ಮಾರ್ಗಶಿರದ ಸಂಗೀತೋತ್ಸವದಲ್ಲಿ ವಿದ್ವಾಂಸರು ಶ್ರುತಿ ಕೂಡಿಸುತ್ತಿರುವಾಗಲೇ 'ಹೋದ ವರ್ಷದಷ್ಟಿಲ್ಲ' ಎಂದು ಕ್ಯಾಂಟೀನಿಗೆ ಎದ್ದುಹೋಗುವವರ ಪಂಗಡದವನು ನಾನು. ಆದರೆ ಬರೆದು ಪ್ರಕಟಿಸುವುದಿಲ್ಲ, ಅಷ್ಟರಮಟ್ಟಿಗೆ ಸಂಸ್ಕಾರ.

ಮರುವಾರ ಹೆಣ್ಣು ನೋಡಲು ಚೆನ್ನೈನ ಇನ್ನೊಂದು ತುದಿಯ ತಿರುವೊಟ್ಟಿಯೂರಿಗೆ ಹೋಗಬೇಕಿತ್ತು. ಎಲೆಕ್ಟ್ರಿಕ್ ಟ್ರೈನಿನಲ್ಲಿ ಅಕ್ಕ ಮಗನತ್ತ ತಿರುಗಿದಳು. "ಏಳು ಹುಡುಗೀರಾಯ್ತು. ಇವಳನ್ನೂ ಮೊಕ್ಕೆ ಅಂದ್ಯೋ, ಇನ್ಮೇಲೆ ನಾನು ಜಾತಕ ಮುಟ್ಟಲ್ಲ. ನೀನುಂಟು, ನಿನ್ನ ಕುರ್ಚಿ ಉಂಟು."

"ಫೋಟೋಲಿ ಒಂಥರಾ ಇರ್ತಾರೆ ಅಮ್ಮ, ನೇರಲ್ಲಿ ಬೇರೆ ಥರ. ನಾನೇನ್ ಮಾಡ್ಲಿ?"

ಅಕ್ಕ ಕಿಟಕಿಯತ್ತ ಮುಖ ಮಾಡಿ ಕಣ್ಣೊರೆಸಿಕೊಂಡಳು. ನನ್ನ ತಮಾಷೆಯೆಲ್ಲ ಅಲ್ಲಿಗೆ ಉಡುಗಿತು.

ಹುಡುಗಿಯ ಹೆಸರು ಪದ್ಮಜಾ. ಗೋತ್ರ, ನಕ್ಷತ್ರ, ಪಾದ, ಯಾವ ಮಠ, ಸಾರಿಗೆ ಬೆಲ್ಲ ಹಾಕುತ್ತಾರೋ ಇಲ್ಲವೋ, ಎಲ್ಲವನ್ನೂ ಮೊದಲೇ ವಿಚಾರಿಸಿದ್ದೆವು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೆಲಸ ಎಂದಿದ್ದರು. ಏನು ಚಿತ್ರ ಎಂದು ಕೇಳುವುದು ನಮ್ಮ ಸಂಪ್ರದಾಯದಲ್ಲಿಲ್ಲ, ಕೇಳಲಿಲ್ಲ.

ಕೇಸರಿಬಾತು ಬಂತು. ಹುಡುಗನಿಗೆ ಹವ್ಯಾಸ ಏನೆಂದು ಹುಡುಗಿಯ ತಂದೆ ಕೇಳಿದರು. ಸುಮ್ಮನಿರಬಹುದಿತ್ತು. ನಾನು ಗಂಟಲು ಸರಿಪಡಿಸಿಕೊಂಡು, "ನಮ್ಮ ಹುಡುಗ ದೊಡ್ಡ ವಿಮರ್ಶಕ!" ಎಂದು ಶುರುಮಾಡಿ, ಆಟದ ಹೆಸರು ಹೇಳಿ, ಸಮುದ್ರದ ಮಾತನ್ನು ಶ್ಲೋಕದಂತೆ ಒಪ್ಪಿಸಿಬಿಟ್ಟೆ.

ಪದ್ಮಜಾ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. "ಅದು ನೀವಾ?"

ವಾದಿರಾಜ ನಕ್ಕ, ಕೀರ್ತಿ ತಿರುವೊಟ್ಟಿಯೂರಿನವರೆಗೂ ಮುಟ್ಟಿದೆಯಲ್ಲ ಎಂಬ ನಗು.

"ಆ ಸಮುದ್ರ ಬರೆದಿದ್ದು ನಾನು. ನಾನೊಬ್ಬಳೇ ಅಲ್ಲ, ಹನ್ನೊಂದು ಜನ. ಮೂರು ವರ್ಷ."

ಅಕ್ಕನ ಚಮಚೆ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಎಷ್ಟು ದೂರ ಆಡಿದ್ರಿ?"

"ಒಂದು... ನಲವತ್ತು ನಿಮಿಷ."

"ಇಪ್ಪತ್ತು ಗಂಟೆ ಆದ್ಮೇಲೆ ಆ ಕಾರ್ಖಾನೆ ಮುಚ್ಚತ್ತೆ. ಆಮೇಲೆ ನೀರು ತಿಳಿಯಾಗತ್ತೆ. ಅದೇ ಕಥೆ. ಬನ್ನಿ ಮೇಲೆ, ತೋರಿಸ್ತೀನಿ."

ಟೆರೇಸಿಗೆ ಹತ್ತಿದೆವು. ಚಿಮಣಿಗಳಾಚೆ, ಮೀನುದೋಣಿಗಳ ಹಿಂದೆ, ಸಮುದ್ರವಿತ್ತು. ವಾದಿರಾಜ ಬಹಳ ಹೊತ್ತು ನೋಡಿದ.

"ಅದೇ ಕಲರ್," ಎಂದ.

"ಅದೇ. ಮೂರು ವರ್ಷ ಇಲ್ಲೇ ನಿಂತು ನೋಡಿದೀನಿ."

ನಾನು ಗಡಿಯಾರ ನೋಡಿಕೊಂಡೆ. ನಾವು ಆ ಮನೆಗೆ ಬಂದು ನಲವತ್ತು ನಿಮಿಷವೂ ಆಗಿರಲಿಲ್ಲ. ಒಂದು ಹೆಣ್ಣನ್ನು ಬಾಳಿಗೆ ಆದೀತೇ ಎಂದು ತೂಗಲು ನಮ್ಮ ಹಿರಿಯರು ಗೊತ್ತುಮಾಡಿದ ಅವಧಿಯೂ ಅಷ್ಟೇ, ತಿಂಡಿ ಸೇರಿಸಿ.

ಮನೆಗೆ ಬರುವ ದಾರಿಯಲ್ಲಿ ಅಕ್ಕ ನನ್ನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತಳು, ನ್ಯಾಯವೇ. ವಾದಿರಾಜ ಕಲಹಾಂತರಿತೆಯಾಗಿ, ಎಂದರೆ ಜಗಳವಾಡಿ ಇನಿಯನನ್ನು ಓಡಿಸಿ ಆಮೇಲೆ ಪರಿತಪಿಸುವವಳಾಗಿ, ಮೂರು ವಾರ ಆಡಿದ. ಕಾರ್ಖಾನೆ ಮುಚ್ಚಿದ ದಿನ ನನಗೆ ಫೋನ್ ಮಾಡಿ, "ಮಾಮಾ, ನೀರು..." ಎಂದವನು ಫೋನಿಟ್ಟುಬಿಟ್ಟ. ಹಳೆಯ ವಿಮರ್ಶೆಯನ್ನು ಅಳಿಸಿ, ಐದು ನಕ್ಷತ್ರ ಕೊಟ್ಟು, ಪದ್ಮಜಾಗೆ ಕಳಿಸಿದ. ಈ ಜನಕ್ಕೆ ಒಂದು ಗೊತ್ತು, ಐದು ಗೊತ್ತು. ನಡುವಿನ ಅಂಕಿಗಳನ್ನು ಶಾಲೆಯಲ್ಲಿ ಕಲಿಸಿಲ್ಲ. ಅವಳ ಉತ್ತರ ಬಂತು: 'ಐದು ಜಾಸ್ತಿ. ಮೂರೂವರೆ. ದೋಣಿಯ ನೆರಳು ಸರಿಯಾಗಿ ಬಂದಿಲ್ಲ, ನೀವು ಗಮನಿಸಿಲ್ಲ.'

ಅದಾದ ಮೇಲೆ ಇಬ್ಬರೂ ನಾಲ್ಕಾರು ಭಾನುವಾರ ದೋಣಿಯ ನೆರಳು ನೋಡಲು ಹೋದರು. ಕೊನೆಗೆ ತಿರುವೊಟ್ಟಿಯೂರಿನಿಂದ ಒಪ್ಪಿಗೆ ಬಂದಾಗ ಅಕ್ಕನಿಗೆ ನಂಬಿಕೆ ಬರಲಿಲ್ಲ. ಹುಡುಗಿಗೇ ಫೋನ್ ಮಾಡಿ, ತನ್ನ ಮಗನಲ್ಲಿ ಏನು ಹಿಡಿಸಿತು ಎಂದು ಕೇಳಿದಳು.

"ನಾನು ಏನೂ ನಿರೀಕ್ಷೆ ಇಟ್ಕೊಂಡಿರಲಿಲ್ಲ, ಅತ್ತೆ. ಅದಕ್ಕೇ ನಿರಾಸೆ ಆಗ್ಲಿಲ್ಲ."

ಇದು ಹೊಗಳಿಕೆಯೋ ತೆಗಳಿಕೆಯೋ ತೀರ್ಮಾನಿಸಲಾಗದೆ ಅಕ್ಕ ಅದನ್ನು ನನಗೆ ಎರಡು ಸಲ ಹೇಳಿ ನೋಡಿದಳು. ಆಮೇಲೆ ಅವಳು ಸೊಸೆಯ ಮಾತು ಬದಲಾಗುವ ಮೊದಲೇ ಮುಹೂರ್ತ ಇಡಿಸಲು ಪುರೋಹಿತರಿಗೆ ಫೋನ್ ಹಚ್ಚಿದಳು. ಇದಕ್ಕಿಂತ ಗಟ್ಟಿಯಾದ ತಳಪಾಯದ ಮೇಲೆ ಶುರುವಾದ ಸಂಸಾರವನ್ನು ನಾನಂತೂ ಕಂಡಿಲ್ಲ.