ಕಂಡಿಕೆ ಮುಗಿದ ಎ.ಸಿ.

ಹೋದ ವಾರ ನಮ್ಮ ಮಲಗುವ ಕೋಣೆಯ ಹಳೆಯ ಎ.ಸಿ.ಯನ್ನು ಗೋಡೆಯಿಂದ ಇಳಿಸಿದರು. ಗೋಡೆ ಒಡೆದು ಕೂರಿಸುತ್ತಿದ್ದ ಆ ಕಾಲದ ದೊಡ್ಡ ಪೆಟ್ಟಿಗೆ. ಮೆಕ್ಯಾನಿಕ್ ಅದನ್ನು ವರಾಂಡದಲ್ಲಿಟ್ಟು ಹಿಂದಿನ ತಗಡು ಬಿಚ್ಚಿದಾಗ ಒಂದು ವಾಸನೆ ಬಂತು. ಧೂಳು ಕುಡಿದು ಕಪ್ಪಾದ ಎಣ್ಣೆಯ ವಾಸನೆ. ಪವರ್‌ಲೂಮಿಗೆ ಬಿಟ್ಟ ಎಣ್ಣೆಯೂ ಹಳತಾದರೆ ಹೀಗೇ ನಾರುತ್ತದೆ.

"ಈ ಗ್ಯಾಸು ಇನ್ಮೇಲೆ ಸಿಗಲ್ಲ ಮೇಡಂ, ನಿಲ್ಲಿಸ್ತಾ ಇದಾರೆ" ಎಂದ ಅವನು.

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಇದೇ ಮಾತನ್ನು, ಇಂಥದೇ ವಾಸನೆಯ ಪಕ್ಕದಲ್ಲಿ ನಿಂತು, ಹಿಂದೊಮ್ಮೆ ಕೇಳಿದ್ದೆ... ಆಗ ಆ ಮಾತು ಹೇಳಿದ್ದು ನನಗಲ್ಲ, ನಮ್ಮ ಮನೆ ಮಾಲೀಕರಿಗೆ. ಊರೆಲ್ಲ ಅವರನ್ನು ಮಗ್ಗದ ಯಜಮಾನರು ಎನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ. ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬರೆಯುತ್ತೇನೆ.

ತೊಂಬತ್ತರ ದಶಕದ ಮಾತು. ನನ್ನ ಗಂಡನಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಬೇಕು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹಗಲು ನಿದ್ದೆ ಹುಡುಕುವುದು ಸಂತೆಯಲ್ಲಿ ಗುಟ್ಟು ಹೇಳಿದಂತೆ. ಆ ಬೀದಿಯಲ್ಲಿ ಆರು ತಿಂಗಳು ಕೆಂಗಣ್ಣು ಬಿಟ್ಟುಕೊಂಡು ಓಡಾಡಿದ ಮೇಲೆ ಅವರೇ ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಹುಡುಕಿದರು. ಯಜಮಾನರು ಅಲ್ಲಿ ಹೊಸದಾಗಿ ಕಟ್ಟಿಸಿದ ಮನೆಯ ಪಕ್ಕದಲ್ಲೇ, ಒಂದು ಸಂದಿ ಬಿಟ್ಟು, ಎರಡು ಕೋಣೆ ಬಾಡಿಗೆಗಿತ್ತು. ಸುತ್ತ ಖಾಲಿ ಸೈಟುಗಳು. ಒಂದು ಮಗ್ಗವೂ ಇಲ್ಲ.

"ಇಲ್ಲಿ ಇರುವೆ ಕೆಮ್ಮಿದ್ರೂ ಕೇಳ್ತದೆ ಸಾಮಿ" ಎಂದರು ಯಜಮಾನರು.

ನನ್ನ ಗಂಡ ಅದನ್ನು ಮನೆಯ ಹೊಗಳಿಕೆ ಎಂದುಕೊಂಡರು. ಅದು ದೂರು ಎಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು.

ಯಜಮಾನರು ಹುಟ್ಟಿದ್ದು, ಮದುವೆಯಾದದ್ದು, ಅರವತ್ತು ದಾಟಿದ್ದು ಎಲ್ಲವೂ ಮಗ್ಗಗಳ ನಡುವೆ. ಅವರ ಕಾಲದಲ್ಲಿ ಕೈಮಗ್ಗ ಹೋಗಿ ಪವರ್‌ಲೂಮು ಬಂದಿತ್ತು. ಸದ್ದು ಹೆಚ್ಚಾಯಿತೇ ಹೊರತು ನಿಂತಿರಲಿಲ್ಲ. ಬೇರೆ ಊರಲ್ಲಿ ಕರೆಂಟು ಹೋದರೆ ಜನ ಬೀಸಣಿಗೆ ಹುಡುಕುತ್ತಾರೆ. ನೇಕಾರರ ಬೀದಿಯಲ್ಲಿ ಕರೆಂಟು ಹೋದರೆ ಮಲಗಿದ್ದವರೆಲ್ಲ ಎದ್ದು ಕೂರುತ್ತಿದ್ದರು. ಮಗ ಮಗ್ಗಗಳನ್ನೆಲ್ಲ ದೊಡ್ಡ ಶೆಡ್ಡಿಗೆ ಸಾಗಿಸಿ, ತಂದೆತಾಯಿ ಇನ್ನಾದರೂ ನೆಮ್ಮದಿಯಾಗಿರಲಿ ಎಂದು ಈ ಹೊಸ ಮನೆಗೆ ಕಳಿಸಿದ. ಅಂದಿನಿಂದ ಯಜಮಾನರು ನಿದ್ದೆ ಮಾಡಿರಲಿಲ್ಲ.

ಅವರ ಹೆಂಡತಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಉಪ್ಪು ಕೇಳುವುದನ್ನೂ ಜಗಳಕ್ಕೆ ಕರೆದಂತೆ ಕೇಳುವವರು. ಡಾಕ್ಟರು ಕೊಟ್ಟ ಮಾತ್ರೆ, ಗಸಗಸೆ ಪಾಯಸ, ತಲೆಗೆ ಹರಳೆಣ್ಣೆ, ಎಲ್ಲವನ್ನೂ ಮಾಡಿ ನೋಡಿದರು. ಯಜಮಾನರ ಕಣ್ಣು ಗುಳಿ ಬಿತ್ತು. ಕಾಫಿ ಲೋಟದ ಅರ್ಧ ಪಂಚೆಗೆ ಹೋಗುತ್ತಿತ್ತು. ಹೀಗೇ ಆದರೆ ಆಳು ಉಳಿಯುವುದಿಲ್ಲ ಎಂದು ಡಾಕ್ಟರು ದೊಡ್ಡಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರಂತೆ.

ಒಂದು ಬೆಳಿಗ್ಗೆ ಹಾಲಿನವನು ಬಂದು, "ಯಜಮಾನ್ರು ಹಳೇ ಬೀದೀಲಿ, ಯಾರೋ ಹೆಂಗಸಿನ ಮನೆ ಜಗಲಿ ಮೇಲೆ ಮಲಗವ್ರೆ" ಎಂದ. ಆ ಹೆಂಗಸು ವಿಧವೆ. ಎರಡು ಮಗ್ಗ ಓಡಿಸಿ ಬದುಕುತ್ತಿದ್ದಾಕೆ. ಎರಡು ದಿನದಲ್ಲಿ ಊರು ತನಗೆ ಬೇಕಾದ ಕತೆ ನೇಯ್ದುಕೊಂಡಿತು. ನಾನು ದೊಡ್ಡಮ್ಮನ ಜೊತೆ ಹೋಗಿ ನೋಡಿದೆ. ಕಂಡದ್ದು ಇಷ್ಟೇ: ಒಳಗೆ ಮಗ್ಗ ಬಡಿಯುತ್ತಿತ್ತು, ಹೊರಗೆ ಯಜಮಾನರು ಚಪ್ಪಲಿಯನ್ನು ತಲೆದಿಂಬು ಮಾಡಿಕೊಂಡು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆಕೆ ಅವರನ್ನು ದಾಟಿಕೊಂಡೇ ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ಮುತ್ತೈದೆ ಮನೇಲಿ ಮಗ್ಗ ಇರ್ಲಿಲ್ವಾ ನಿಮಗೆ?" ಎಂದರು ದೊಡ್ಡಮ್ಮ. ಬೀದಿಯ ಕೊನೆಯವರೆಗೂ ಕೇಳಿಸಿತು.

ಎ.ಸಿ. ಬಂದದ್ದು ಅದಾದ ಮೇಲೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಯಜಮಾನರು ಸೀರೆ ಮಾರಲು ಕೊಡುತ್ತಿದ್ದ ಸಾಹುಕಾರನ ಕೋಣೆಯಲ್ಲಿ ಬಹಳ ಹಳೆಯ ಎ.ಸಿ. ಒಂದಿತ್ತು. ಇವರು ಚೌಕಾಸಿ ಮಾಡುತ್ತಾ ಮಾಡುತ್ತಾ ಅದರ ಮುಂದೆ ಕುರ್ಚಿಯಲ್ಲೇ ನಿದ್ದೆ ಹೋದರಂತೆ. ಸಾಹುಕಾರ ಸೀರೆಯ ಬೆಲೆ ಇಳಿಸುತ್ತಲೇ ಇದ್ದ, ಇವರು ಎದುರಾಡಲೇ ಇಲ್ಲ. ಎದ್ದ ಮೇಲೆ ಯಜಮಾನರು ಕೇಳಿದ್ದು ಸೀರೆಯ ವಿಷಯವಲ್ಲ, ಆ ಎ.ಸಿ.ಯ ವಿಷಯ. ಗುಜರಿಗೆ ಹಾಕಬೇಕೆಂದಿದ್ದ ಸಾಹುಕಾರ ಸಂತೋಷವಾಗಿ ಕೊಟ್ಟು ಕಳಿಸಿದ.

ದೊಡ್ಡಬಳ್ಳಾಪುರದಲ್ಲಿ, ಅದೂ ಮಾರ್ಗಶಿರದ ಚಳಿಯಲ್ಲಿ, ಮನೆಗೆ ಎ.ಸಿ. ಹಾಕಿಸಿದ ಮೊದಲ ಮನುಷ್ಯ ಅವರೇ ಇರಬೇಕು. ಅದು ಓಡಲು ಶುರುವಾದರೆ ಪಾತ್ರೆ ಸ್ಟ್ಯಾಂಡು ನಡುಗುತ್ತಿತ್ತು. ಧಡಕ್ ಧಡಕ್ ಎಂದು ಏನೋ ಬಡಿಯುವುದು, ಅದರ ಹಿಂದೆ ಗುಂಯ್ಯೆನ್ನುವ ದಪ್ಪ ಸದ್ದು. ಯಜಮಾನರು ಎರಡು ಕಂಬಳಿ ಹೊದ್ದು, ಕಿವಿ ಮಾತ್ರ ಹೊರಗೆ ಬಿಟ್ಟುಕೊಂಡು, ಮಗುವಿನ ಹಾಗೆ ಮಲಗಿದರು. ದೊಡ್ಡಮ್ಮ ಸ್ವೆಟರು, ಮಫ್ಲರು ಸುತ್ತಿಕೊಂಡು ನಡುಮನೆಗೆ ಹಾಸಿಗೆ ಎಳೆದುಕೊಂಡರು. "ತಣ್ಣಗಿದ್ರೆ ಇರ್ಲಿ ಕಣೇ, ಗಂಡ ಮನೇಲವ್ನಲ್ಲ" ಎಂದರು.

ಅದರ ಹಿಂಭಾಗ ಎರಡು ಮನೆಗಳ ನಡುವಿನ ಸಂದಿಗೆ, ನಮ್ಮ ಕಡೆಗೆ ತೆರೆದುಕೊಂಡಿತ್ತು. ಅಲ್ಲಿಂದ ಬಿಸಿಗಾಳಿ ನುಗ್ಗುತ್ತಿತ್ತು. ಅದು ಓಡುತ್ತಿದ್ದದ್ದು ರಾತ್ರಿ, ಹಗಲು ಮಲಗುವ ನನ್ನ ಗಂಡನಿಗೆ ಅದರಿಂದ ತೊಂದರೆಯಿರಲಿಲ್ಲ. ನನಗೆ ಆಗ ಕೈಕೂಸು. ಮಳೆಗಾಲದಲ್ಲಿ ಮಗುವಿನ ಬಟ್ಟೆ ಒಣಗದೆ ಅಳುವಂತಾಗಿತ್ತು. ಆ ಗಾಳಿಗೆ ಹಗ್ಗ ಕಟ್ಟಿದೆ. ಬೆಳಗಾಗುವಷ್ಟರಲ್ಲಿ ಗರಿಗರಿ. ಆಮೇಲೆ ಹಪ್ಪಳ, ಸಂಡಿಗೆ... ಯಜಮಾನರಿಗೆ ಸದ್ದು, ನನಗೆ ಬಿಸಿ. ಆ ಯಂತ್ರದ ತಂಪು ಮಾತ್ರ ನಮ್ಮಲ್ಲಿ ಯಾರಿಗೂ ಬೇಕಿರಲಿಲ್ಲ.

ಮೂರು ವರ್ಷ ಹೀಗೆ ನಡೆಯಿತು. ಒಂದು ಆಷಾಢದಲ್ಲಿ ಬಟ್ಟೆಗಳು ಒದ್ದೆಯಾಗಿಯೇ ಉಳಿಯತೊಡಗಿದವು. ಮಳೆಯ ತೇವ ಎಂದುಕೊಂಡೆ. ಎರಡನೆಯ ದಿನ ಸಂದಿಯಲ್ಲಿ ನಿಂತು ಕೈ ಹಿಡಿದು ನೋಡಿದರೆ ಗಾಳಿ ಬರುತ್ತಿತ್ತು, ಬಿಸಿ ಇರಲಿಲ್ಲ. ಹೋಗಿ ಹೇಳಿದೆ.

"ಯಜಮಾನ್ರೇ, ಮಗು ಬಟ್ಟೆ ಒಣಗ್ತಿಲ್ಲ."

ಅವರು ಕೆಂಪು ಕಣ್ಣು ಮೇಲೆತ್ತಿದರು. "ನಂಗೂ ಎರಡು ದಿನದಿಂದ ಎಚ್ಚರ ಆಯ್ತಾ ಐತೆ ಕಣಮ್ಮಾ. ಓಡೋದೇನೋ ಓಡ್ತದೆ. ಆದ್ರೆ ಕಂಡಿಕೆ ಮುಗ್ದಂಗೆ ಓಡ್ತದೆ."

ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಕಡ್ಡಿ. ನೂಲು ಮುಗಿದರೂ ಮಗ್ಗ ನಿಲ್ಲುವುದಿಲ್ಲ. ಬರಿಯ ಲಾಳಿ ಅತ್ತಿತ್ತ ಹಾರುತ್ತದೆ, ಬಟ್ಟೆ ಬೆಳೆಯುವುದಿಲ್ಲ, ಸದ್ದು ಒಂದಿಷ್ಟು ಹಗುರಾಗುತ್ತದೆ. ನಮಗೆ ನಿಮಗೆ ಆ ವ್ಯತ್ಯಾಸ ತಿಳಿಯದು. ನೇಕಾರ ಎಂಥ ನಿದ್ದೆಯಲ್ಲಿದ್ದರೂ ದಿಗ್ಗನೆ ಏಳುತ್ತಾನೆ. ಯಜಮಾನರು ಎರಡು ದಿನದಿಂದ ಹೀಗೇ ಎದ್ದು, ಕತ್ತಲಲ್ಲಿ ಎ.ಸಿ.ಯ ಮೇಲೆ ಕೈಯಾಡಿಸಿ ಲಾಳಿ ಹುಡುಕುತ್ತಿದ್ದರು.

ಬಸ್ ಸ್ಟ್ಯಾಂಡ್ ಹತ್ತಿರದ ಫ್ರಿಜ್ ರಿಪೇರಿಯವನು ಬಂದ. ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ತಗಡು ಬಿಚ್ಚಿದ. ಅದೇ ಎಣ್ಣೆ ವಾಸನೆ. ಪೈಪು ತೂತಾಗಿ ಗ್ಯಾಸೆಲ್ಲ ಸೋರಿಹೋಗಿದೆ ಎಂದ. ಆ ಹಳೇ ಯಂತ್ರಕ್ಕೆ ಹಾಕುತ್ತಿದ್ದದ್ದು ಹಳೇ ಫ್ರಿಜ್ಜುಗಳ ಗ್ಯಾಸೇ ಅಂತೆ.

"ಈ ಗ್ಯಾಸು ಇನ್ಮೇಲೆ ಸಿಗಲ್ಲ ಯಜಮಾನ್ರೇ, ನಿಲ್ಲಿಸ್ತಾವ್ರೆ. ಆದ್ರೂ ನನ್ನ ಕಡೆಯೋನೊಬ್ಬನ ಹತ್ರ ಒಂಚೂರೈತೆ. ತುಂಬ್ಸಿಕೊಡ್ತೀನಿ. ಸೋರ್ತದೆ, ಮತ್ತೆ ತುಂಬ್ಸಣ."

"ಸೋರಿ ಎಲ್ಲೋಯ್ತದೆ?"

"ಮೇಲಕ್ಕೆ. ಆಕಾಶದಾಗೆ ಬಟ್ಟೆ ತರ ಒಂದು ಪದರ ಐತಂತೆ. ಅದನ್ನ ತೂತು ಮಾಡ್ತದಂತೆ. ಅದಕ್ಕೇ ಈ ಕಾನೂನು."

ಅವನು 'ಬಟ್ಟೆ ತರ' ಎನ್ನಬಾರದಿತ್ತು. ಯಜಮಾನರು ಹಣೆಗೆ ಕೈ ಅಡ್ಡ ಹಿಡಿದು, ಸಂದಿಯಿಂದ ಕಾಣುವ ಆ ಉದ್ದನೆಯ ಆಕಾಶವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೋಡಿದರು. ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದೆಯೇ ಎಂದು ನೋಡುವ ನೋಟ.

"ಕಾಣಲ್ವಲ್ಲೋ."

"ನಮ್ಮ ಕಡೆ ಇಲ್ಲ ಬಿಡಿ. ಎಲ್ಲೋ ಹಿಮದ ದೇಶದ ಮೇಲಂತೆ."

"ಲೇ, ಸೀರೆ ಒಂದೇ ಅಲ್ವೇನೋ? ಸೆರಗು ತೂತಾಗೈತೆ, ಒಡಲು ಚೆನ್ನಾಗೈತೆ ತಗೊಳ್ಳಿ ಅಂತ ಮಾರೋಕಾಯ್ತದಾ?"

ನನ್ನ ಗಂಡ ಆಗತಾನೇ ಪಾಳಿ ಮುಗಿಸಿ ಬಂದು ಆಕಳಿಸುತ್ತಾ ನಿಂತಿದ್ದರು. "ನೀವೊಬ್ರು ಬಿಟ್ರೆ ಆ ತೂತು ಮುಚ್ಚಿಹೋಗುತ್ತಾ ಯಜಮಾನ್ರೇ? ತುಂಬಿಸ್ಕೊಂಡು ಮಲಗಿ" ಎಂದರು.

"ಮುಚ್ಚಲ್ಲ ಸಾಮಿ. ನಾನು ಕತ್ತರಿ ಹಾಕಲ್ಲ, ಅಷ್ಟೇ."

ದೊಡ್ಡಮ್ಮ ತಲೆ ಚಚ್ಚಿಕೊಂಡರು. ಇಡೀ ಊರಲ್ಲಿ ನಿದ್ದೆ ಇಲ್ಲದೆ ಸಾಯಲು ಹೊರಟಿದ್ದ ಮನುಷ್ಯ ಅವರೊಬ್ಬರೇ, ನಿದ್ದೆಯನ್ನು ಬೇಡ ಎಂದವರೂ ಅವರೇ.

ಹೊಸ ಎ.ಸಿ. ಕೊಡಿಸುತ್ತೇನೆ ಎಂದು ಮಗ ಹೇಳಿಕಳಿಸಿದ. ಆರಿಸಿಕೊಂಡು ಬರಲು ಬೆಂಗಳೂರಿನ ಅಂಗಡಿಗೆ ಯಜಮಾನರು, ದೊಡ್ಡಮ್ಮ ಮತ್ತು ಮಗುವಿನ ಕೈ ಹಿಡಿದುಕೊಂಡ ನಾನು ಹೋದೆವು. ಟೈ ಕಟ್ಟಿದ ಹುಡುಗನೊಬ್ಬ ಒಂದು ಎ.ಸಿ.ಯನ್ನು ಹಾಕಿ ತೋರಿಸಿದ.

"ಇದು ತೂತು ಮಾಡ್ತದಾ?" ಯಜಮಾನರ ಮೊದಲ ಪ್ರಶ್ನೆ.

ಅವನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. "ಓ, ಅದು ಬೇರೆ ಗ್ಯಾಸು ಸಾರ್. ಇದು ಅಷ್ಟಾಗಿ ಮಾಡಲ್ಲ" ಎಂದ.

"ಅಷ್ಟಾಗಿ ಅಂದ್ರೆ ಸ್ವಲ್ಪ ಮಾಡ್ತದೆ ಅನ್ನು."

"ಹೊಸ ಮೆಷಿನ್ ಸಾರ್, ಸೋರೋದೇ ಇಲ್ಲ. ಅದಕ್ಕಿಂತ ಮುಖ್ಯ, ಸೌಂಡೇ ಇಲ್ಲ!"

ಯಜಮಾನರು ಅದರ ಎದೆಗೆ ಕಿವಿ ಇಟ್ಟರು. "ಓಡ್ತಾ ಐತಾ?"

"ಓಡ್ತಾ ಇದೆ ಸಾರ್."

"ಇದಕ್ಕಿಂತ ಜೋರಾಗಿ ಕೂಗೋದು ಇಲ್ವಾ?"

ವ್ಯಂಗ್ಯವೆಂದುಕೊಂಡ ಹುಡುಗ ಇನ್ನೂ ಮೆತ್ತಗೆ ಓಡುವುದನ್ನು ತೋರಿಸಿದ. ಯಜಮಾನರ ಮುಖ ಬಾಡಿತು. ಅವನು ಗಾಬರಿಯಾಗಿ, ಎಲ್ಲಕ್ಕಿಂತ ಮೆತ್ತನೆಯದರ ಮುಂದೆ ಕರೆದೊಯ್ದ. ಯಜಮಾನರು ಅವನ ಭುಜ ಹಿಡಿದು, "ಸ್ವಲ್ಪ ಕೆಟ್ಟೋಗಿರೋದು ಇದ್ರೆ ತೋರ್ಸಪ್ಪಾ, ನಿನ್ ಪುಣ್ಯ" ಎಂದರು. ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಸದ್ದು ಮಾಡುವುದು ಒಂದೂ ಸಿಗದೆ, ಸೋರುವುದಿಲ್ಲ ಎಂಬ ಮಾತು ನಂಬಿ, ಕೊನೆಗೆ ಆ ಮೆತ್ತನೆಯದನ್ನೇ ಮನೆಗೆ ತಂದೆವು. ಯಜಮಾನರು ಅದರ ಮುಂದೆ ಕಣ್ಣು ಬಿಟ್ಟುಕೊಂಡು ಮಲಗಿದರು. ವಾರದೊಳಗೆ ಹಾಲಿನವನು ಮತ್ತೆ ಬಂದು ಗೇಟಿನಲ್ಲಿ ಕೆಮ್ಮಿದ. ಈ ಸಲ ಯಜಮಾನರು ಆ ಜಗಲಿಯಲ್ಲಿರಲಿಲ್ಲ. ಅಲ್ಲಿಗೆ ತಲುಪುವ ಮೊದಲೇ ತಲೆ ಸುತ್ತಿ, ಚರಂಡಿಯ ಪಕ್ಕ ಬಿದ್ದಿದ್ದರು. ಮೊಣಕೈ ತರಚಿತ್ತು.

ಆ ಮಧ್ಯಾಹ್ನ ದೊಡ್ಡಮ್ಮ ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತರು. ಎಂದೂ ಇಲ್ಲದ ಹಾಗೆ ಸಣ್ಣ ದನಿಯಲ್ಲಿ ಮಾತಾಡಿದರು.

"ಒಂದು ಮಗ್ಗ ವಾಪಸ್ ತರಿಸ್ತೀನಿ ಕಣೇ. ಮುಂದಿನ ರೂಮಲ್ಲಿ ಹಾಕ್ಸಿ, ನೇಯೋಕೆ ಆಳು ಇಡ್ತೀನಿ. ಸದ್ದಲ್ಲಿ ಕೂಗಿ ಕೂಗಿ ನನ್ ಗಂಟ್ಲು ಹೋಗಿತ್ತು. ಈಗೀಗ ಮೆತ್ತಗೆ ಮಾತಾಡೋದು ಕಲ್ತಿದ್ದೆ... ಹೋಗ್ಲಿ ಬಿಡು. ನಿನ್ ಗಂಡನದೇ ಯೋಚನೆ. ಆ ಮೂಗ ಪೆಟ್ಟಿಗೇನ ನಿಮ್ಮ ರೂಮಿಗೆ ಹಾಕ್ಸಿಕೊಡ್ತೀನಿ. ಕಿಟಕಿ ಬಾಗ್ಲು ಮುಚ್ಕೊಂಡು ಮಲಗ್ಲಿ."

ಹೀಗೆ ನಮ್ಮ ಮನೆಗೆ ಎ.ಸಿ. ಬಂತು. ಶಿಫ್ಟ್ ಕೆಲಸದವರ ಬಾಡಿಗೆ ಮನೆಯಲ್ಲಿ ಎ.ಸಿ. ಇದೆ ಎಂದು ನೆಂಟರು ಹೊಟ್ಟೆ ಉರಿದುಕೊಂಡರು. ಮಗ್ಗ ಬಂದ ದಿನ ಯಜಮಾನರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ದೊಡ್ಡಮ್ಮ ಮತ್ತೆ ಮೊದಲಿನ ದನಿಯಲ್ಲಿ ಉಪ್ಪು ಕೇಳತೊಡಗಿದರು. ಸೋರಿ ಖಾಲಿಯಾದ ಹಳೇ ಪೆಟ್ಟಿಗೆಯ ಮೇಲೆ ಕಂಡಿಕೆಯ ಬುಟ್ಟಿ ಇಟ್ಟುಕೊಂಡರು.

ಯಜಮಾನರು ಮತ್ತೂ ಹಲವು ವರ್ಷ ಚೆನ್ನಾಗಿದ್ದರು. ಒಂದು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಮಗ್ಗದವರ ಮನೆಯಲ್ಲಿ ಸಾವಾದರೆ ಮಗ್ಗ ನಿಲ್ಲಿಸುತ್ತಾರೆ. ನೇಯುವ ಆಳು ವಿಷಯ ತಿಳಿದವನೇ ಸ್ವಿಚ್ ಆರಿಸಿ, ಒಂದು ಮೂಲೆಯಲ್ಲಿ ನಿಂತು ಅಳುತ್ತಿದ್ದ. ಯಜಮಾನರನ್ನು ನಡುಮನೆಯಲ್ಲಿ ಮಲಗಿಸಿದ್ದರು. ತಲೆಯ ಬಳಿ ದೊಡ್ಡಮ್ಮ, ಸುತ್ತ ನಾವು.

ದೊಡ್ಡಮ್ಮ ಇದ್ದಕ್ಕಿದ್ದಂತೆ ತಲೆ ಎತ್ತಿದರು. "ಮಗ್ಗ ಯಾಕೋ ನಿಲ್ಸಿದೆ? ಹಾಕೋ. ನಿಂತ್ರೆ ಎಚ್ಚರ ಆಯ್ತದೆ ಅವ್ರಿಗೆ."

ಅವನು ಹೋಗಿ ಹಾಕಿದ. ಅಳುವಿನ ಮೇಲೆ ಮಗ್ಗ ಬಡಿಯಿತು. ಅವನು ಕಣ್ಣೊರೆಸಿಕೊಳ್ಳುತ್ತಾ ಲಾಳಿಯ ಕಡೆ ಗಮನ ಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಂಡಿಕೆ ಮುಗಿಯಿತು. ಸದ್ದು ಹಗುರಾಯಿತು. ಅಷ್ಟು ವರ್ಷಗಳಲ್ಲಿ ನನ್ನ ಕಿವಿಗೂ ಅದು ತಿಳಿಯುವಂತಾಗಿತ್ತು. ನಾವೆಲ್ಲ ಒಟ್ಟಿಗೇ ಯಜಮಾನರ ಮುಖ ನೋಡಿದೆವು... ನಿಜ ಹೇಳುತ್ತೇನೆ, ನಾನು ಕಾದೆ. ದೊಡ್ಡಮ್ಮನೂ ಕಾದರು. ಆಮೇಲೆ ಅವರೇ ಕೈಯೆತ್ತಿ, "ಸಾಕು, ಆರ್ಸು" ಎಂದರು.

ಮುಂದೆ ನಾವು ಸ್ವಂತ ಮನೆ ಕಟ್ಟಿದಾಗ ಆ ಮೆತ್ತನೆಯ ಎ.ಸಿ.ಯನ್ನು ಜೊತೆಯಲ್ಲೇ ತಂದೆವು. ವರ್ಷಕ್ಕೊಂದೆರಡು ತಿಂಗಳು ಹಾಕಿದರೆ ಹೆಚ್ಚು. ಬರಬರುತ್ತಾ ಅದಕ್ಕೂ ಧಡಕ್ ಧಡಕ್ ಶುರುವಾಗಿತ್ತು, ನನ್ನ ಗಂಡ ಅದರ ಕೆಳಗೇ ಗೊರಕೆ ಹೊಡೆಯುತ್ತಿದ್ದರು. ದೊಡ್ಡಮ್ಮನೂ ಈಗಿಲ್ಲ. ಆ ಮನೆಯ ಮುಂದಿನ ಕೋಣೆಯಲ್ಲಿ ಯಾರೋ ಮೊಬೈಲ್ ಅಂಗಡಿ ಇಟ್ಟಿದ್ದಾರೆ.

ಮೊನ್ನೆ ಮೆಕ್ಯಾನಿಕ್ ಹೊಸ ಎ.ಸಿ.ಯನ್ನು ಗೋಡೆಗೆ ಏರಿಸಿದ. ಇದರ ಗ್ಯಾಸು ಆಕಾಶಕ್ಕೆ ತೂತು ಮಾಡುವುದಿಲ್ಲವಂತೆ. ಯಜಮಾನರು ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು ಎಂದು ನಾನೂ ಕೇಳಿಯೇ ಕೊಂಡೆ. ಗುಂಡಿ ಒತ್ತಿದ ಮೆಕ್ಯಾನಿಕ್, "ನೋಡಿ ಮೇಡಂ, ಓಡ್ತಾ ಇದೆ ಅಂತಾನೇ ಗೊತ್ತಾಗಲ್ಲ" ಎಂದ.

ನಿವೃತ್ತರಾದ ನನ್ನ ಗಂಡ ಅದರ ಕೆಳಗೆ ಮಲಗಿ, ಬಹಳ ಹೊತ್ತು ಸೂರು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಿದ್ದೆ ಬರ್ತಿಲ್ಲ ಕಣೇ" ಎಂದರು.