ಜೀಪಿಗೊಂದು ಬೆಂಕಿ ಸಿಲಿಂಡರ್

ರಾಂಪುರದ ರಸ್ತೆಯಲ್ಲಿ ಯಾರದೋ ಜೀಪು ಹೊತ್ತಿ ಉರಿಯುವುದನ್ನು ನೋಡಿದ ಮೇಲೆ ನನಗೆ ನಮ್ಮ ಜೀಪಿನಲ್ಲಿ ನೆಮ್ಮದಿಯಾಗಿ ಕೂರಲು ಆಗಲೇ ಇಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಚಳ್ಳಕೆರೆಯ ಒಬ್ಬ ಮೆಕ್ಯಾನಿಕ್ ಜೊತೆ ಸೇರಿ ನಾನು ಬೋರ್‌ವೆಲ್ ಮೋಟರ್ ಎತ್ತಿ ರಿಪೇರಿ ಮಾಡಿ ಮತ್ತೆ ಇಳಿಸುವ ಕೆಲಸ ಮಾಡುತ್ತಿದ್ದೆ. ನಾನು ಕೊಂಡ್ಲಹಳ್ಳಿಯ ರೈತರ ಮನೆಯವನು. ವೈರು, ಸ್ಟಾರ್ಟರ್, ಪ್ಯಾನಲ್ ಬೋರ್ಡು ನನ್ನ ಪಾಲಿನ ಕೆಲಸ. ಜೀಪು, ಎಂಜಿನ್ನು, ಪೈಪು ಎತ್ತುವ ಚೈನು ಅವನ ಪಾಲು. ನನಗಿಂತ ಸ್ವಲ್ಪ ದೊಡ್ಡವನಾದ್ದರಿಂದ ಅವನನ್ನು ಭಾಯಿ ಎನ್ನುತ್ತಿದ್ದೆ. ಅವನು ನನ್ನನ್ನು ಖುಷಿಯಲ್ಲಿದ್ದರೆ ದೋಸ್ತ್ ಎನ್ನುತ್ತಿದ್ದ, ಸಿಟ್ಟು ಬಂದರೆ ಬರೀ 'ಲೇ'.

ಜೀಪು ಅವನ ತಂದೆಯ ಕಾಲದ್ದು, ಪೆಟ್ರೋಲಿನದು. ನಾವು ಹೋಗುತ್ತಿದ್ದ ಕಡೆಗೆಲ್ಲ ರಸ್ತೆ ಇರುತ್ತಿರಲಿಲ್ಲ. ಬದು ಹತ್ತಿಸಿ, ಹಳ್ಳದ ಮರಳು ದಾಟಿಸಿ, ಕಾವಲಿನ ಹುಲ್ಲಿನ ನಡುವೆ ಹಾಯಿಸಿಕೊಂಡು ಯಾರದೋ ಹೊಲದ ಮೂಲೆಯ ಬೋರ್‌ವೆಲ್ ಮುಟ್ಟಬೇಕು. ಹಿಂದುಗಡೆ ಎಣ್ಣೆ ಬಟ್ಟೆ, ಕೇಬಲ್ಲಿನ ಸುರುಳಿ, ಬ್ಯಾಟರಿ, ಪೆಟ್ರೋಲಿನ ಕ್ಯಾನು. ಎಷ್ಟೋ ವರ್ಷ ಅದನ್ನೆಲ್ಲ ಕಾಲ ಕೆಳಗಿಟ್ಟುಕೊಂಡೇ ಓಡಾಡಿದ್ದೆ, ಒಂದು ದಿನವೂ ಏನೂ ಅನಿಸಿರಲಿಲ್ಲ.

ಆ ದಿನ ಬಳ್ಳಾರಿಯಿಂದ ಸಾಮಾನು ತರುತ್ತಿದ್ದೆವು. ಎದುರಿಗೆ ಹೊಗೆ ಕಂಡಿತು. ಜೀಪಿನವರೆಲ್ಲ ಇಳಿದು ದೂರ ನಿಂತಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಅದರ ಡ್ರೈವರ್ ಕುಡಿಯುವ ನೀರಿನ ಕ್ಯಾನನ್ನು ಬಾನೆಟ್ಟಿನ ಮೇಲೆ ಸುರಿದ. ನೀರಿನ ಜೊತೆಗೇ ಪೆಟ್ರೋಲು ಹರಿದು ಬೆಂಕಿ ಚಕ್ರದ ಕಡೆಗೆ ಬಂತು. ಸೀಟು ಹೋಯಿತು, ಹುಡ್ ಹೋಯಿತು, ಟೈರು ಢಮ್ಮೆಂದಿತು. ನಾನು ಓಡಿಹೋಗಿ ಮಣ್ಣು ಎರಚಿದೆ, ಪ್ರಯೋಜನವಾಗಲಿಲ್ಲ. ತಿರುಗಿ ಬಂದರೆ ಭಾಯಿ ಸ್ಟೀರಿಂಗ್ ಹಿಡಿದುಕೊಂಡು ಕೂತಲ್ಲೇ ಕೂತು ಹೊಲದ ಕಡೆ ಮುಖ ಮಾಡಿದ್ದ.

"ಹತ್ತು, ಹೋಗಾನ," ಅಂದ. ನಾನು ಸರಿಯಾಗಿ ಕೂರುವ ಮೊದಲೇ ಗೇರ್ ಹಾಕಿದ.

ಆಮೇಲೆ ಎಲ್ಲಿ ಹೋದರೂ ನನಗೆ ಪೆಟ್ರೋಲಿನ ವಾಸನೆ ಬರತೊಡಗಿತು. ಜೀಪು ನಿಂತ ತಕ್ಷಣ ಕೆಳಗೆ ಬಗ್ಗಿ ನೋಡುವುದು, ಬಾನೆಟ್ ಎತ್ತಿಸಿ ಪೈಪು ಮುಟ್ಟುವುದು. ಊಟಕ್ಕೆ ಕೂತವನು ಎದ್ದು ಹೋಗಿ ಕ್ಯಾನಿನ ಮುಚ್ಚಳ ಬಿಗಿ ಮಾಡಿ ಬರುತ್ತಿದ್ದೆ. ನನ್ನ ಹೆಂಡತಿ ಬೇಸತ್ತು, "ನಿಮ್ ಮೂಗಿಗೆ ಏನೋ ಆಗೈತೆ. ಸಾರಿನ ಒಗ್ಗರಣಿ ವಾಸನಿ ಬರಲ್ಲ, ಬೀದ್ಯಾಗಿನ ಪೆಟ್ರೋಲ್ ವಾಸನಿ ಬರ್ತೈತೆ," ಅಂದಳು.

ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಜೀಪಿಗೆ ಹಾಕಿಸೋಣ ಎಂದು ನಾನು ಹೇಳಿದಾಗಲೆಲ್ಲ ಭಾಯಿ ಮಾತು ಹಾರಿಸುತ್ತಿದ್ದ. "ಪೆಟ್ರೋಲ್ ಬಂಕ್ ಇಡ್ತೀಯೇನು?" ಎಂದು ನಗುತ್ತಿದ್ದ. ಇಲ್ಲವೆಂದರೆ, "ಬರ್ದೇ ಇರೋ ಬೆಂಕಿನ ನೀನೇ ಕರೀಬ್ಯಾಡ," ಎಂದು ಮುಖ ಗಂಟು ಹಾಕುತ್ತಿದ್ದ.

ಕೊನೆಗೆ ಅವನನ್ನು ಕೇಳದೆ ನಾನೇ ಚಳ್ಳಕೆರೆಯ ಪೇಟೆಗೆ ಹೋದೆ. ಅಂಗಡಿಯವರೆಲ್ಲ, "ಜೀಪಿಗಾ? ಜೀಪಿಗೆ ಯಾರು ಹಾಕ್ತಾರೆ?" ಎಂದರು. ಒಬ್ಬರು ಮಾತ್ರ ಅಟ್ಟದಿಂದ ಒಂದು ದೊಡ್ಡ ಕೆಂಪು ಸಿಲಿಂಡರ್ ಇಳಿಸಿ ಧೂಳು ಒರೆಸಿದರು. ಸಿನಿಮಾ ಟಾಕೀಸಿನ ಗೋಡೆಗೆ ನೇತು ಹಾಕುತ್ತಾರಲ್ಲ, ಆ ಹಳೇ ಬಗೆಯದು. ತಲೆಕೆಳಗು ಮಾಡಿ ತುದಿಯಲ್ಲಿ ಉಬ್ಬಿದ ಗುಬಟನ್ನು ನೆಲಕ್ಕೆ ಕುಟ್ಟಿದರೆ ಒಳಗಿನ ಆಸಿಡ್ಡು ಸೋಡಾ ನೀರಿಗೆ ಬೆರೆತು ರಭಸದಿಂದ ಚಿಮ್ಮುತ್ತದಂತೆ. ಕೈಯಲ್ಲಿ ಏನಾದರೂ ಹಿಡಿದರೆ ಸಾಕಾಗಿತ್ತು ನನಗೆ. ತಂದು ಜೀಪಿನ ಹಿಂದುಗಡೆ ಹಗ್ಗದಲ್ಲಿ ಕಟ್ಟಿದೆ. ಬೆಳಿಗ್ಗೆ ಭಾಯಿ ನೋಡಿದ, ಅದಕ್ಕೆ ಬೆನ್ನು ತಿರುಗಿಸಿ ಎಂಜಿನ್ ಚಾಲು ಮಾಡಿದ.

ಅದೇ ದಿನ ಅವನ ತಾಯಿ ಮೊಳಕಾಲ್ಮೂರಿಗೆ ನೆಂಟರ ಮನೆಗೆ ಹೊರಟಿದ್ದರು. ನಾವೂ ಆ ಕಡೆಗೇ ಹೋಗುವವರಿದ್ದೆವು. ಅಮ್ಮೀ ಮಡಿಲಲ್ಲಿ ಮಿಠಾಯಿ ಡಬ್ಬಿ ಇಟ್ಟುಕೊಂಡು ಹಿಂದೆ ಕೂತರು. ದಾರಿಯಲ್ಲಿ ಒಬ್ಬರ ಸ್ಟಾರ್ಟರ್ ಕೊಟ್ಟು ಹೋಗಬೇಕೆಂದು ಹೊಲದ ಹಾದಿ ಹಿಡಿದೆವು. ಹಳ್ಳಕ್ಕೆ ಇಳಿಯುವಾಗ ಜೀಪು ಎತ್ತಿ ಹಾಕಿತು. ಹಗ್ಗ ಸಡಿಲಿತು. ಸಿಲಿಂಡರ್ ತಲೆಕೆಳಗಾಗಿ ಬಿದ್ದು ಗುಬಟು ತಳದ ತಗಡಿಗೆ ಬಡಿಯಿತು.

"ಯಾ ಅಲ್ಲಾ!" ಎಂದು ಅಮ್ಮೀ ಕೂಗಿಕೊಂಡಾಗಲೇ ನಾವು ತಿರುಗಿ ನೋಡಿದ್ದು. ನೀರು ಬುಸುಗುಡುತ್ತ ಅವರ ಬುರ್ಖಾ, ಡಬ್ಬಿ, ನನ್ನ ಕೇಬಲ್ಲು ಎಲ್ಲದರ ಮೇಲೂ ಹಾರುತ್ತಿತ್ತು. ಭಾಯಿ ಜೀಪು ನಿಲ್ಲಿಸಿ ಹಿಂದಕ್ಕೆ ಹಾರಿ ಅದನ್ನು ಒದ್ದು ಕೆಳಗೆ ಕೆಡವಿದ. ಅದು ಮರಳಿನಲ್ಲಿ ಗರಗರ ತಿರುಗುತ್ತ ನಮ್ಮ ಕಾಲಿಗೂ ಚಿಮ್ಮಿತು. "ಸಾಕಾತೇನಲೇ? ಸಮಾಧಾನ ಆತೇನು?" ಎಂದು ಕಿರುಚಿ ಅವನು ಹಳ್ಳದ ಗುಂಟ ದೂರ ನಡೆದುಬಿಟ್ಟ.

ಜೀಪಿನಲ್ಲಿದ್ದ ಕೊಡದ ನೀರು ಬಗ್ಗಿಸಿ ಅಮ್ಮೀಗೆ ಕೈ ಮುಖ ತೊಳೆಯಲು ಕೊಟ್ಟೆ. ಸ್ವಲ್ಪ ಉರಿ ಅನ್ನುವುದು ಬಿಟ್ಟರೆ ಅವರಿಗೆ ಏನೂ ಆಗಿರಲಿಲ್ಲ. ಬುರ್ಖಾದ ಅಂಚು ಹಿಂಡುತ್ತ ಅವರು ಮೆಲ್ಲಗೆ ಹೇಳಿದರು.

"ಅವನ ಮ್ಯಾಲೆ ಸಿಟ್ ಮಾಡ್ಕೋಬ್ಯಾಡ ಬೇಟಾ. ಅವನು ಸಣ್ಣೋನಿದ್ದಾಗ ಅವರ ಅಬ್ಬಾನ ಗ್ಯಾರೇಜಿಗೆ ಬೆಂಕಿ ಬಿದ್ದಿತ್ತು. ಗಾಡಿ ಹೊರಗ ತಳ್ಳಾಕ ಹೋಗಿ ಅವರ ಎರಡೂ ಕೈ ಬೆಂದೋದ್ವು. ಬದುಕಿದ್ರು, ಆದ್ರೆ ಮತ್ತೆ ಪಾನಾ, ಸ್ಪ್ಯಾನರ್ ಹಿಡೀಲಿಲ್ಲ. ಇವನು ಬಾಗಲ್ದಾಗ ನಿಂತು ಎಲ್ಲಾ ನೋಡ್ಯಾನೆ. ಆ ಮಾತೆತ್ತಿದ್ರೆ ಇವತ್ತಿಗೂ ಅವನಿಗೆ ಆಗಲ್ಲ."

ಇಷ್ಟು ವರ್ಷ ಒಂದೇ ಜೀಪಿನಲ್ಲಿ ಓಡಾಡಿದ್ದೆವು. ಅವನ ತಂದೆಯ ಕೈ ನೋಡಿದ್ದೆ ಕೂಡ, ಯಾವುದೋ ಕಾಯಿಲೆ ಇರಬೇಕು ಎಂದುಕೊಂಡಿದ್ದೆ. "ಹಂಗಾದ್ರೆ ಬಿಟ್ಬಿಡ್ತೀನಿ ಅಮ್ಮೀ, ಇನ್ನು ಆ ಸುದ್ದಿ ಎತ್ತಲ್ಲ," ಅಂದೆ.

"ಬಿಡ್ತೀಯಾ? ಯಾಕ್ ಬಿಡ್ತೀಯಾ?" ಅವರು ನೆನೆದ ಡಬ್ಬಿ ಪಕ್ಕಕ್ಕಿಟ್ಟರು. "ಒಳ್ಳೇದು ನೋಡಿ ತಗೊಂಬಾ. ಹಿಂಗೆ ಕೂತೋರ ಮ್ಯಾಲೆ ಉಚ್ಚೆ ಹೊಯ್ಯೋದು ಬ್ಯಾಡ."

ಸೋಡಾ ಸಿಲಿಂಡರಿನ ಕಥೆ ಅಲ್ಲಿಗೆ ಮುಗಿಯಿತು. ಕುಣಿಯುವ ಜೀಪಿಗೆ ತಲೆಕೆಳಗಾದರೆ ಚಾಲು ಆಗುವ ವಸ್ತು ತಂದ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ. ಮುಂದಿನ ವಾರ ಬಳ್ಳಾರಿಗೆ ಒಬ್ಬನೇ ಹೋದೆ. ಅಲ್ಲಿ ಇದೇ ಸಾಮಾನಿನ ಅಂಗಡಿಯೊಂದಿತ್ತು. ಮೊದಲು ಗ್ಯಾಸಿನದು ತೋರಿಸಿದರು. ತುದಿಗೆ ಕಪ್ಪನೆಯ ಕಹಳೆ, ಒತ್ತಿದರೆ ಮಂಜಿನಂಥ ಹೊಗೆ. ಎಂಜಿನ್ ಹೊಲಸಾಗುವುದಿಲ್ಲ, ವೈರು ಕೆಡುವುದಿಲ್ಲ. ನನಗೆ ತುಂಬ ಹಿಡಿಸಿತು. ಆದರೆ ಎತ್ತಿ ನೋಡಿದರೆ ಕಬ್ಬಿಣದ ಗುಂಡು.

"ಬಳಸೋದು ಎಲ್ಲಿ?" ಅಂಗಡಿಯವರು ಕೇಳಿದರು.

"ಮೊಳಕಾಲ್ಮೂರು ಕಡೆ. ಹೊಲ, ಗುಡ್ಡ, ಬಯಲು."

"ಹಂಗಾದ್ರೆ ಬ್ಯಾಡ್ರಿ. ಇದು ರೂಮಿನ ಒಳಗಿಂದು. ನಿಮ್ ಕಡೆ ಗಾಳಿಗೆ ಮನುಷ್ಯರೇ ನಿಲ್ಲಲ್ಲ, ಗ್ಯಾಸ್ ನಿಂದ್ರುತ್ತಾ?"

ಉಳಿದದ್ದು ಪೌಡರಿನದು. ಅದರಲ್ಲಿಯೂ ಎರಡು ಬಗೆ. ಒಂದರಲ್ಲಿ ಒಳಗೆ ಪೌಡರ್ ತಳ್ಳುವ ಸಣ್ಣ ಗ್ಯಾಸಿನ ಬುಡ್ಡಿ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಇನ್ನೊಂದಕ್ಕೆ ಕುತ್ತಿಗೆಯಲ್ಲಿ ಪುಟ್ಟ ಮೀಟರು, ಮುಳ್ಳು ಹಸಿರಿನಲ್ಲಿದ್ದರೆ ಸರಿ, ಕೆಂಪಿಗೆ ಬಂದರೆ ಖಾಲಿ. ನಾನು ಮೀಟರಿನದನ್ನೇ ಆರಿಸಿದೆ. ನನ್ನಂಥ ಚಡಪಡಿಕೆಯವನಿಗೆ ನೋಡಿಕೊಳ್ಳಲು ಒಂದು ಮುಳ್ಳಾದರೂ ಬೇಕಿತ್ತು. ಅಂಗೈಯಷ್ಟು ಸಣ್ಣದು ಕಾರಿಗೆ ಸರಿ, ಜೀಪಿನ ಅಡಿಯ ಬೆಂಕಿಗೆ ಸಾಲದು. ಎತ್ತರದ್ದು ಹಾಕಿದರೆ ಕಾಲಿಡಲು ಜಾಗವಿಲ್ಲ. ನಡುವಿನ ಅಳತೆಯದಾದ ಎರಡು ಕಿಲೋದ್ದು ತಂದೆ. ಅಂಗಡಿಯವರು ಇನ್ನೊಂದು ಮಾತು ಹೇಳಿದ್ದರು. ಕುಲುಕಾಟಕ್ಕೆ ಪೌಡರ್ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಆಗಾಗ ತೆಗೆದು ಬೋರಲು ಹಾಕಿ ತಟ್ಟುತ್ತಿರಬೇಕು.

ಮನೆಯಲ್ಲಿ ಅದನ್ನು ಅಡ್ಡ ಉದ್ದ ಹಿಡಿದು ಹೆಂಡತಿಗೆ ತೋರಿಸಿದೆ. ಅವಳು ಕಾಳು ಕೇರುವುದನ್ನು ನಿಲ್ಲಿಸಿ ಕೇಳಿದಳು, "ಇದು ಡ್ರೈವರ್ ಕಾಲತ್ರ ಇರುತ್ತೆ ಅಂದ್ರಿ. ಬೆಂಕಿ ಮುಂದೇನೇ ಹತ್ತಿಕಂಡ್ರೆ ಯಾರು ಹೋಗಿ ತಕಂಬರ್ತಾರೆ?"

ಮತ್ತೆ ಬಳ್ಳಾರಿಗೆ ಹೋಗಿ ಎರಡನೆಯದನ್ನೂ ತಂದೆ.

ಭಾಯಿಯ ಮುಂದೆ ಎರಡನ್ನೂ ಇಟ್ಟಾಗ ಅವನು ಬೀಡಿ ಹಚ್ಚಿದ. "ಅಮ್ಮೀ ಹೇಳಿದ್ಲಾ?" ಅಂದ. ಹೂಂ ಅಂದೆ. ಬೀಡಿ ಹೊಸಕಿ ಎದ್ದು ಸೀಮೆಸುಣ್ಣದಲ್ಲಿ ಜೀಪಿಗೆ ಗುರುತು ಹಾಕಿದ. ಬಾನೆಟ್ಟಿನ ಹತ್ತಿರ ಬೇಡ, ಸೀಟಿನ ಹಿಂದೆ ಕೇಬಲ್ಲಿನ ಅಡಿಯಲ್ಲಿ ಬೇಡ. ಒಂದು ಡ್ರೈವರಿನ ಬಲಗಡೆ, ಇಳಿಯುತ್ತಲೇ ಕೈಗೆ ಸಿಗುವ ಹಾಗೆ. ಇನ್ನೊಂದು ಹಿಂದಿನ ಬಾಗಿಲಿನ ಹೊರಮೈಗೆ. ಅಂಗಡಿಯಲ್ಲಿ ಕೊಟ್ಟ ತೆಳು ಪಟ್ಟಿಯನ್ನು ಎಸೆದು, ಬೋರ್‌ವೆಲ್ ಪೈಪಿನ ಕ್ಲಾಂಪು ಕತ್ತರಿಸಿ, ಒಳಗೆ ಹಳೇ ಟ್ಯೂಬಿನ ರಬ್ಬರ್ ಹೊದಿಸಿ, ಒಂದೇ ಎಳೆತಕ್ಕೆ ಬಿಚ್ಚುವ ಕೊಂಡಿ ಇಟ್ಟು ಕೂರಿಸಿದ. ಕೊಂಡಿ ಹಾಕಿ ಸಿಲಿಂಡರ್ ಎಳೆದು ನೋಡಿದೆ, ಅಲ್ಲಾಡಲಿಲ್ಲ.

"ಹಾಕೀನಿ. ಆದ್ರೆ ಅದರ ಸುದ್ದಿ ನನ್ ಮುಂದೆ ಎತ್ತಬ್ಯಾಡ," ಅಂದ.

ಅವನಿಗೆ ಆ ಕೆಂಪು ಬಣ್ಣ ಕಣ್ಣಿಗೆ ಬೀಳಬಾರದಿತ್ತು. ಮುಂದಿನದಕ್ಕೆ ಗೋಣಿತಟ್ಟಿನ ಚೀಲ ಹೊದಿಸಿದ. ಹೊತ್ತಿಗೆ ಬೇಕಾದಾಗ ಚೀಲ ಬಿಚ್ಚುತ್ತ ಕೂರುವುದೇ ಎಂದು ನಾನು ತೆಗೆಯುತ್ತಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಅವನು ಮತ್ತೆ ಹೊದಿಸಿರುತ್ತಿದ್ದ. ಹೀಗೆ ಒಂದು ಮಾತೂ ಆಡದೆ ಆ ಚಳಿಗಾಲವಿಡೀ ಜಗಳವಾಡಿದೆವು.

ಬೇಸಿಗೆಯಲ್ಲಿ ಬ್ರಹ್ಮಗಿರಿಯ ಆಚೆ ಒಬ್ಬ ಮುದುಕರ ಹೊಲದಲ್ಲಿ ಮೋಟರ್ ಇಳಿಸಿ ಮುಗಿಸಿದ್ದೆವು. ಮನೆಯಲ್ಲಿ ತೆಲುಗು ಆಡುವ ಜನ, ನಮ್ಮ ಜೊತೆ ಅರ್ಧ ಕನ್ನಡ ಅರ್ಧ ತೆಲುಗು. ಅವರನ್ನು ಹಿಂದೆ ಕೂರಿಸಿಕೊಂಡು ಅವರ ಮನೆ ಕಡೆ ಹೊರಟೆವು. ಮೊಣಕಾಲುದ್ದ ಒಣಹುಲ್ಲಿನ ಬಯಲು, ಬಿಸಿಲು ನೆತ್ತಿಯ ಮೇಲಿತ್ತು. ನನಗೆ ಸುಟ್ಟ ವಾಸನೆ ಬಂತು. ನನ್ನ ಮೂಗಿನ ಮೇಲೆ ನನಗೇ ನಂಬಿಕೆ ಹೋಗಿದ್ದರಿಂದ ಸುಮ್ಮನಿದ್ದೆ. ಅಷ್ಟರಲ್ಲಿ ಹಿಂದಿನಿಂದ ಅಜ್ಜ, "ಮಂಟ! ಮಂಟ! ಬೆಂಕಿ ಸ್ವಾಮೀ!" ಎಂದು ಕೂಗಿದರು.

ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹುಲ್ಲು ಕಾದ ಸೈಲೆನ್ಸರಿಗೆ ತಾಗಿ ಹೊತ್ತಿತ್ತು. ಎಂಜಿನ್ ಆರಿಸಿ ಮೂವರೂ ಹಾರಿದೆವು. ಭಾಯಿಯ ಕೈ ತಾನಾಗಿಯೇ ಬಲಕ್ಕೆ ಹೋಗಿ ಚೀಲ ಕಿತ್ತು ಸಿಲಿಂಡರ್ ಎಳೆದುಕೊಂಡಿತು. ಆದರೆ ಅವನು ಗಾಳಿಗೆ ಎದುರಾಗಿ ನಿಂತು ಜ್ವಾಲೆಯ ತುದಿಗೆ ಹೊಡೆದ. ಬಿಳೀ ಪೌಡರ್ ಪೂರಾ ಅವನ ಮುಖಕ್ಕೇ ಬಂತು. ಕೆಮ್ಮುತ್ತ, ಕಣ್ಣು ಕಾಣದೆ, ಆದರೂ ಒತ್ತಿದ್ದನ್ನು ಬಿಡದೆ ನಿಂತಿದ್ದ. ನೋಡುತ್ತಿದ್ದಂತೆ ಅದು ಬರಿದಾಯಿತು. ಪೆಟ್ರೋಲ್ ಟ್ಯಾಂಕಿನ ಕಡೆ ಇನ್ನೂ ಉರಿಯುತ್ತಿತ್ತು.

ನಾನು ಹಿಂದಿನದನ್ನು ಕಿತ್ತುಕೊಂಡು ಗಾಳಿಗೆ ಬೆನ್ನು ಮಾಡಿ ನೆಲಕ್ಕೆ ಮಂಡಿಯೂರಿದೆ. ಪಿನ್ ಎಳೆಯಲು ಬೆರಳು ಕೇಳಲಿಲ್ಲ, ಹಲ್ಲಿನಲ್ಲಿ ಕಚ್ಚಲು ಹೋದೆ, ಆಮೇಲೆ ಹೇಗೋ ಬಂತು. ಬೆಂಕಿಯ ಬುಡಕ್ಕೆ, ಕಸ ಗುಡಿಸಿದ ಹಾಗೆ ಅತ್ತಿಂದಿತ್ತ ಹೊಡೆದೆ. ಜೀಪಿನ ಅಡಿ ಬೆಳ್ಳಗಾಯಿತು. ಬೆಂಕಿ ನಿಂತಿತು. ಮತ್ತೆ ಹತ್ತಿಕೊಳ್ಳಬಹುದೆಂದು ಸ್ವಲ್ಪ ಉಳಿಸಿಕೊಂಡು ಅಲ್ಲೇ ಬಗ್ಗಿ ಕೂತೆ. ಒಂದು ಕಡೆ ಹೊಗೆಯೆದ್ದು ಕೆಂಪಾಯಿತು, ಉಳಿದದ್ದನ್ನು ಅದಕ್ಕೆ ಹೊಡೆದೆ.

ಜೀಪು ಉಳಿಯಿತು. ಹುಲ್ಲಿನ ಬೆಂಕಿ ಮಾತ್ರ ಗಾಳಿಯ ಜೊತೆ ಅಜ್ಜನ ಶೇಂಗಾ ಹೊಟ್ಟಿನ ಬಣವೆಯ ಕಡೆ ಹೊರಟಿತ್ತು. ಅದಕ್ಕೆ ನಮ್ಮಲ್ಲಿ ಯಾವ ಸಿಲಿಂಡರೂ ಇರಲಿಲ್ಲ. ಅಜ್ಜ ಆಗಲೇ ತಂಗಡಿ ಗಿಡ ಮುರಿದು ಬಡಿಯುತ್ತಿದ್ದರು. ಕುರಿ ಬಿಟ್ಟು ಓಡಿಬಂದ ಇಬ್ಬರು ಕಂಬಳಿ ನೆನೆಸಿಕೊಂಡು ಬಂದರು. ನಾವೂ ಟೊಂಗೆ ಮುರಿದುಕೊಂಡೆವು. ಭಾಯಿ ಎಲ್ಲರಿಗಿಂತ ಮುಂದೆ ಹೋಗಿ ಬಡಿಯುತ್ತಿದ್ದ. ಹಿಂದಕ್ಕೆ ಬಾ ಎಂದು ಎಷ್ಟು ಕೂಗಿದರೂ ಅವನಿಗೆ ಕೇಳಲಿಲ್ಲ. ಬಣವೆ ಇನ್ನೇನು ಮುಟ್ಟಿತು ಅನ್ನುವಾಗ ಉತ್ತ ಹೊಲದ ಬರೀ ಮಣ್ಣು ಸಿಕ್ಕಿ ಬೆಂಕಿ ಸಣ್ಣಗಾಯಿತು. ಅವನ ಹುಬ್ಬು ಸುಟ್ಟಿತ್ತು, ಮುಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮುಖಕ್ಕೆ ಮೆತ್ತಿದ್ದ ಪೌಡರಿನ ಮೇಲೆ ಬೆವರು ಗೆರೆ ಎಳೆದಿತ್ತು.

ಅಜ್ಜನ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಭಾಯಿ ಬೊಬ್ಬೆ ಎದ್ದ ಕೈಯಲ್ಲಿ ಲೋಟ ಹಿಡಿಯಲಾಗದೆ ಕೆಳಗಿಟ್ಟ. ನಾನು ಲೋಟ ಎತ್ತಿ ಕುಡಿಸಿದೆ.

ಅಡಿಯ ವೈರು ಕರಗಿದ್ದರಿಂದ ಜೀಪನ್ನು ಅಲ್ಲೇ ಬಿಟ್ಟು, ರಸ್ತೆವರೆಗೆ ನಡೆದು, ಬಂದ ಬಸ್ಸು ಹತ್ತಿದೆವು. ಸೀಟಿನಲ್ಲಿ ಅವನು ಕಿಟಕಿಯ ಕಡೆ ಕೂತ. ಬಹಳ ದೂರ ಬಂದ ಮೇಲೆ ಕೇಳಿದ, "ಆ ಎರಡು ಸಿಲಿಂಡರ್‌ನೂ ಮತ್ತೆ ತುಂಬಿಸ್ತಾರಾ?"

"ತುಂಬಿಸ್ತಾರೆ."

"ನಾನೂ ಬರ್ತೀನಿ. ಯಾವ ಕಡೆ ನಿಂತು ಹೊಡೀಬೇಕು ಅಂತ ಅವರ ಹತ್ರಾನೇ ಕೇಳ್ಬೇಕು."

ಆಮೇಲೆ ತನ್ನ ತಂದೆಯ ಸುದ್ದಿ ಶುರು ಮಾಡಿದ. ಬೆಂಕಿಯ ಸುದ್ದಿಯಲ್ಲ. ಆ ಕೈಗಳು ಚೆನ್ನಾಗಿದ್ದ ದಿನಗಳದ್ದು. ಕಣ್ಣು ಮುಚ್ಚಿಕೊಂಡು ಬರೀ ಬೆರಳಿನಲ್ಲೇ ಕಾರ್ಬೊರೇಟರ್ ಬಿಚ್ಚಿ ಜೋಡಿಸುತ್ತಿದ್ದುದು, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದೇ ಜೀಪಿನ ಸ್ಟೀರಿಂಗ್ ಹಿಡಿಸಿದ್ದು, ಗ್ರೀಸ್ ಕೈಯಲ್ಲೇ ಅವನ ಕೆನ್ನೆ ಹಿಂಡಿ ಅಮ್ಮೀ ಹತ್ತಿರ ಬೈಸಿಕೊಂಡಿದ್ದು. ಅವನು ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಾನು ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುತ್ತಲೇ ನನ್ನ ಕಣ್ಣು ಬಸ್ಸಿನ ಡ್ರೈವರಿನ ಸುತ್ತಮುತ್ತ, ಮೆಟ್ಟಿಲ ಹತ್ತಿರ, ಸೀಟುಗಳ ಅಡಿಯಲ್ಲಿ ಹುಡುಕುತ್ತಿತ್ತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಎಲ್ಲಿಯೂ ಕಾಣಲಿಲ್ಲ. ಚಳ್ಳಕೆರೆ ಬರುವವರೆಗೂ ನಾನು ಸೀಟಿನ ತುದಿಯಲ್ಲೇ ಕೂತಿದ್ದೆ.