ಗಾಳೆಪ್ಪನ ನೀಲಿ ಚುಕ್ಕೆ

ನಮ್ಮ ಸತ್ಯನಾರಾಯಣಪೇಟೆಯ ಕಾರು ಡ್ರೈವರ್ ಗಾಳೆಪ್ಪನಿಗೆ ದಾರಿ ತೋರಿಸಲು ಜಿಪಿಎಸ್ ಬೇಕಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಸಿರುಗುಪ್ಪಕ್ಕೆ ಹೋಗಿಬಂದು, ದಾರಿಯಲ್ಲಿ ಎಷ್ಟು ಎಮ್ಮೆ ಎದುರಾದವೆಂದೂ ಹೇಳಿಯಾನು. ಅವನು ಜಿಪಿಎಸ್ ಹಾಕುತ್ತಿದ್ದದ್ದು ಹೆಂಡತಿ ಗಂಗಕ್ಕನಿಗಾಗಿ. ಹೊರಡುವ ಮುಂಚೆ ಲೊಕೇಶನ್ ಕಳಿಸಿದರೆ ಆಕೆಯ ಫೋನಿನಲ್ಲಿ ಅವನ ಗಾಡಿ ನೀಲಿ ಚುಕ್ಕೆಯಾಗಿ ಓಡುತ್ತಿತ್ತು. ಆಕೆಯ ಕಣ್ಣು ತಪ್ಪಿಸಿ ಆಕಾಶದ ಉಪಗ್ರಹವೂ ಅಲುಗಾಡುವಂತಿರಲಿಲ್ಲ. ದಾರಿಯ ಕುರುಗೋಡಿನ ಮಿರ್ಚಿ ಬಜ್ಜಿ ಅಂಗಡಿ ಮುಂದೆ ಚುಕ್ಕೆ ನಾಲ್ಕು ನಿಮಿಷ ನಿಂತರೆ ಸಾಕು, ಫೋನು ಬಡಿದುಕೊಳ್ಳುತ್ತಿತ್ತು: "ಎಣ್ಣಿ ಪದಾರ್ಥ ಮುಟ್ಟಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರಿಲ್ಲೇನ್ರಿ? ಇಡ್ರಿ ಕೆಳಗ!" "ಗಾಡಿ ಪಂಚರ್ ಆಗೈತಲೇ," ಎಂದು ಬಾಯ್ತುಂಬ ಮಿರ್ಚಿ ಇಟ್ಟುಕೊಂಡೇ ಹೇಳುತ್ತಿದ್ದ. ಹಾಗೆ ಆ ಗಾಡಿ ಒಂದೇ ಅಂಗಡಿ ಮುಂದೆ ಮುನ್ನೂರು ಸಲ ಪಂಚರ್ ಆಗಿದೆ. ಗಂಗಕ್ಕ ತೀರಿಕೊಂಡು ಎಂಟು ತಿಂಗಳಾಯಿತು. ಈಗಲೂ ಬೆಳಿಗ್ಗೆ ಆಕೆಯ ಫೋನು ಚಾರ್ಜಿಗಿಟ್ಟು, ಲೊಕೇಶನ್ ಕಳಿಸಿಯೇ ಹೊರಡುತ್ತಾನೆ. ಮೊನ್ನೆ ಅವನ ಓಣಿಯ ಮುದುಕ ನಾನೂ ಜೊತೆಗಿದ್ದೆ. ಕುರುಗೋಡಿನಲ್ಲಿ ಗಾಡಿ ನಿಲ್ಲಿಸಿ, ಬಿಸಿ ಮಿರ್ಚಿ ಕೈಯಲ್ಲಿ ಹಿಡಿದು, ತನ್ನ ಫೋನನ್ನೇ ನೋಡುತ್ತ ಕೂತ. ನಾಲ್ಕು ನಿಮಿಷ ಕಳೆಯಿತು, ಹತ್ತೂ ಆಯಿತು. "ತಿನ್ನಲೇ ಗಾಳೆಪ್ಪ, ಈಗ ಯಾರು ಬೈತಾರ ನಿನಗ?" ಅಂದೆ. "ಅದಕ್ಕ ತಿನ್ನಾಕ ಆಗವಲ್ದು ಯಜ್ಜಾ," ಎಂದು, ಆರಿದ ಮಿರ್ಚಿಯನ್ನು ನನ್ನ ಕೈಗಿಟ್ಟು ಗಾಡಿ ಚಾಲೂ ಮಾಡಿದ.